ಸೌದೆ ಒಲೆಗೆ ಹೊಗೆ ಪೈಪ್ ಹಾಕ್ಸೋವಾಗ ಜಂತೆ ಹತ್ರ ಹುಷಾರು

ನಮ್ದು ಕುಣಿಗಲ್ ಕಡೆ. ನಮ್ ತಾಲೂಕಿನ ಉಂಗ್ರದಲ್ಲಿ ಬೆಂಗ್ಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವ್ರ (ಐಐಎಸ್‌ಸಿ) ಅಸ್ತ್ರ ಅನ್ನೋ ಹಳ್ಳಿ ತಂತ್ರಜ್ಞಾನದ ಕೇಂದ್ರ ಇತ್ತು, ಮೂರು ಪಾತ್ರೆ ಇಡೋ ಅಸ್ತ್ರ ಒಲೆ ಅವ್ರದ್ದೇ, ಅದ್ಕೆ ಹೊಗೆ ಪೈಪ್ ನಮ್ಗೇನು ಹೊಸದಲ್ಲ. ಆದ್ರೂ ಹಾಕೋ ರೀತಿ ತಪ್ಪಿದ್ರೆ ಮನೆಗೇ ಬೆಂಕಿ.

ನಮ್ಮನೇಲೇ ಆಗಿದ್ದು ಹೇಳ್ತೀನಿ. ಅಮ್ಮನ ಅಡುಗೆಮನೆಗೆ ಪೈಪ್ ಹಾಕಿದ ಮೇಸ್ತ್ರಿ ಅದನ್ನ ಜಂತೆಗೆ ಅಂಟಿಸ್ಕೊಂಡೇ ಮೇಲಕ್ಕೆ ಏರಿಸಿದ್ರು, ಎರಡು ತಿಂಗ್ಳಾದ್ಮೇಲೆ ಹೆಂಚು ಸರಿಸಿ ನೋಡಿದ್ರೆ ಜಂತೆ ಒಂದು ಗೇಣುದ್ದ ಕರ್ರಗಾಗಿತ್ತು, ಉಗುರಲ್ಲಿ ಕೆರೆದ್ರೆ ಇದ್ದಿಲ ಪುಡಿ ಉದುರ್ತಿತ್ತು. ಮರ ದಿನಾ ಕಾದು ಕಾದು ಮೊದ್ಲಿಗಿಂತ ಕಮ್ಮಿ ಬಿಸಿಗೇ ಹತ್ಕೊಳ್ಳೋ ಹಂಗಾಗುತ್ತೆ, ಅದೇ ಭಯ. ಬರೀ ಒಂದು ಪದರದ ತಗಡಿನ ಪೈಪ್ ಆದ್ರೆ ಜಂತೆ, ರೀಪರು, ಗರಿ, ಕರೆಂಟ್ ವೈರು, ಯಾವುದೇ ಇರ್ಲಿ, ಸುತ್ತ ಒಂದೂವರೆ ಅಡಿ ದೂರ ಇರ್ಬೇಕು. ಜಾಗ ಸಾಲ್ದಿದ್ರೆ ಒಲೇನೇ ಸರಿಸಿ, ದೂರ ಮಾತ್ರ ಕಮ್ಮಿ ಮಾಡ್ಬೇಡಿ. ಚಾವಣಿ ದಾಟೋ ಕಡೆ ಮರ ಕತ್ತರಿಸಿ ಅಗಲಕ್ಕೆ ಜಾಗ ಬಿಟ್ಟು ತಗಡಿನ ಪ್ಲೇಟ್ ಮುಚ್ಚಿ, ಗೋಣಿಚೀಲ ತುರುಕೋದೆಲ್ಲ ಬೇಡ.

ಪಿವಿಸಿ ಪೈಪ್ ಖಂಡಿತಾ ಬೇಡ, ಕರಗಿ ವಿಷದ ಹೊಗೆ ಬರುತ್ತೆ. ಹಳೇ ಆಸ್ಬೆಸ್ಟಾಸ್ ಪೈಪ್ ಇದ್ರೆ ಮನೇಲಿ ಗರಗಸ ಹಾಕಿ ಕುಯ್ಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಪೈಪ್ ತುಂಡು ಜೋಡಿಸೋವಾಗ ಮೇಲಿನ ತುಂಡು ಕೆಳಗಿನದ್ರ ಒಳಗೆ ಕೂರ್ಬೇಕು, ಆಗ ಒಳಗೆ ಇಳಿಯೋ ಟಾರಿನಂಥ ಅಂಟು ಆಚೆ ಸೋರಲ್ಲ. ಒಂದೊಂದು ಜಾಯಿಂಟಿಗೂ ಮೂರು ಸ್ಕ್ರೂ. ಆದಷ್ಟೂ ನೆಟ್ಟಗೆ ಹೋಗ್ಲಿ, ಬೆಂಡು ಜಾಸ್ತಿ ಆದಷ್ಟೂ ಹೊಗೆ ಎಳೆಯೋದು ಕಮ್ಮಿ.

ತುದಿ ಎಷ್ಟೆತ್ತರ ಅಂದ್ರೆ, ಹೆಂಚು ದಾಟಿದ ಜಾಗದಿಂದ ಮೂರಡಿ, ಜೊತೆಗೆ ಹತ್ತಡಿ ಒಳಗಿರೋ ಚಾವಣಿ ನೆತ್ತಿ, ಗೋಡೆ ಎಲ್ಲದಕ್ಕಿಂತ ಎರಡಡಿ ಮೇಲಿರ್ಬೇಕು. ನಮ್ದು ಮೊದ್ಲು ನೆತ್ತಿಗಿಂತ ಕೆಳಗಿತ್ತು, ಆಷಾಢದ ಗಾಳಿಗೆ ಹೊಗೆಯೆಲ್ಲ ವಾಪಸ್ ಒಳಗೇ ಬಂದು ಮುದ್ದೆ ತಿರುವೋ ಅಮ್ಮ ಕಣ್ಣೊರೆಸ್ಕೊಂಡೇ ನಿಂತಿರ್ತಿದ್ರು. ಮಳೆಗೆ ಮೇಲೊಂದು ತಗಡಿನ ಟೋಪಿ ಹಾಕ್ಸಿ.

ಮುಗಿದ್ಮೇಲೆ ಒಂದು ಒಣ ಗರಿ ಹಚ್ಚಿ ನೋಡಿ, ಜಾಯಿಂಟಲ್ಲಿ ಹೊಗೆ ನುಸುಳಿದ್ರೆ ಸರಿ ಮಾಡ್ಸಿ. ಕಿಟಕಿ ಮಾತ್ರ ತೆಗ್ದೇ ಇರ್ಲಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೇನೇ ಇಲ್ಲ. ಬಚ್ಚಲ ಹಂಡೆ ಒಲೆಗೆ ಬೇರೆ ಪೈಪೇ ಹಾಕ್ಸಿ.

ಹಸಿ ಸೌದೆ ಉರಿಸಿದ್ರೆ ಮಸಿ ಬೇಗ ಕಟ್ಟುತ್ತೆ, ತಿಂಗ್ಳಿಗೊಂದ್ಸಲ ಒಲೆ ಪೂರ್ತಿ ಆರಿದ್ಮೇಲೆ ಹಗ್ಗಕ್ಕೆ ತೆಂಗಿನ ನಾರಿನ ಉಂಡೆ ಕಟ್ಟಿ ಮೇಲಿಂದ ಬಿಟ್ಟು ಎಳೀರಿ, ಕೆಳಗೆ ಮಸಿ ತೆಗೆಯೋಕೆ ಮುಚ್ಚಳ ಇರೋ ಬಾಯಿ ಮೊದ್ಲೇ ಇಡ್ಸಿರಿ. ಪೈಪೊಳಗೆ ಬೆಂಕಿ ಹತ್ತಿ ಗುರ್ ಅಂತ ಸದ್ದು ಬಂದ್ರೆ ನೀರು ಸುರೀಬೇಡಿ, ಒಲೆ ಬಾಯಿ ತಗಡಲ್ಲಿ ಮುಚ್ಚಿ, ಎಲ್ರನ್ನೂ ಆಚೆ ಕಳ್ಸಿ, 112ಕ್ಕೆ ಫೋನ್ ಮಾಡಿ.