ಹರೆಯದವರ ಎದೆನೋವು: ‘ಗ್ಯಾಸ್’ ಎನ್ನುವ ಮೊದಲು ನೋಡಬೇಕಾದ್ದು

ಇಪ್ಪತ್ತೈದರ ಹುಡುಗ ಎದೆ ಹಿಡಿದುಕೊಂಡು ಕೂತರೆ ನಮ್ಮ ಕಡೆ ಮನೆಯವರ ಬಾಯಿಂದ ಮೊದಲು ಬರುವ ಮಾತು, ‘ಏನಿಲ್ಲೋ, ಗ್ಯಾಸ್ ಆಗೇತಿ, ಈನೋ ಕುಡಿ.’ ಬಹಳ ಸಲ ಅದು ನಿಜವೂ ಆಗಿರುತ್ತದೆ. ಆದರೆ ಆ ಮಾತು ಕೊನೆಗೆ ಬರಬೇಕು. ಜೀವಕ್ಕೆ ಕುತ್ತು ತರುವ ನಾಲ್ಕೈದು ಕಾರಣ ಮೊದಲು ಬದಿಗೆ ಸರಿಯಬೇಕು, ಅದೂ ವಯಸ್ಸು ನೋಡಿ ಅಲ್ಲ, ಪ್ರಶ್ನೆ ಕೇಳಿ.

ನೋವು ಬಂದಾಗ ಏನು ಮಾಡುತ್ತಿದ್ದ? ಪೊಲೀಸ್ ಭರ್ತಿಗೆಂದು 1600 ಮೀಟರ್ ಓಡುವಾಗಲೋ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವಾಗಲೋ ನೋವು ಬಂದು ಕಣ್ಣು ಕತ್ತಲಿಟ್ಟು ಬಿದ್ದಿದ್ದರೆ, ಎರಡು ನಿಮಿಷದಲ್ಲಿ ಎದ್ದು ನಗುತ್ತಾ ನಡೆದಾಡಿದರೂ, ಅದು ಹೃದಯದ್ದೇ ಎಂದು ಹಿಡಿಯಿರಿ. ಹೃದಯದ ಗೋಡೆ ದಪ್ಪವಾಗುವ, ವಂಶದಲ್ಲಿ ಬರುವ ಕಾಯಿಲೆ ಎಷ್ಟೋ ಸಲ ಹೀಗೆಯೇ ಮೊದಲು ಗೊತ್ತಾಗುತ್ತದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ವೈದ್ಯರು ಹೂಂ ಅನ್ನುವವರೆಗೆ ಓಟ, ಕುಸ್ತಿ, ಜಿಮ್ ಎಲ್ಲ ಬಂದ್.

ಎದೆಯ ನಡುವೆ ಭಾರ ಹೇರಿದಂತೆ ಒತ್ತುವುದು, ಕೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರು, ವಾಂತಿ, ಹತ್ತು ನಿಮಿಷ ಸುಮ್ಮನೆ ಕೂತರೂ ಇಳಿಯದ ನೋವು: ಇದು ಹೃದಯಾಘಾತದ ಚಹರೆ. ತಂದೆಗೋ ಅಣ್ಣನಿಗೋ 55ರೊಳಗೆ, ತಾಯಿಗೋ ಅಕ್ಕನಿಗೋ 65ರೊಳಗೆ ಹೃದಯದ ತೊಂದರೆ ಆಗಿದ್ದರೆ ಸಂಶಯ ಇನ್ನೂ ಗಟ್ಟಿ. ತಂಬಾಕಿನ ಬಗ್ಗೆ ಬಿಡಿಸಿ ಕೇಳಿ. ‘ನಾ ಸಿಗರೇಟ್ ಸೇದಂಗಿಲ್ರಿ’ ಅನ್ನುವವನ ಕಿಸೆಯಲ್ಲಿ ಗುಟ್ಕಾ ಪೊಟ್ಟಣ ಇರುತ್ತದೆ. ನಿಕೋಟಿನ್ ಬಾಯಿಂದ ಹೋದರೂ ರಕ್ತನಾಳವನ್ನು ಬಿಗಿಯುತ್ತದೆ.

ಒಂದೇ ಪಕ್ಕೆಯಲ್ಲಿ ಚೂರಿ ಇರಿದಂತೆ ನೋವು, ಅದರ ಜತೆ ದಮ್ಮು ಕಟ್ಟಿದರೆ ಶ್ವಾಸಕೋಶದತ್ತ ನೋಡಬೇಕು. ಎತ್ತರದ, ಸಣಕಲು ಮೈಯ ಹುಡುಗರಲ್ಲಿ, ಬೀಡಿ ಸೇದುವವರಲ್ಲಿ ಶ್ವಾಸಕೋಶದ ಮೇಲಿನ ಸಣ್ಣ ಗುಳ್ಳೆ ಒಡೆದು ಗಾಳಿ ಹೊರಗೆ ಸೋರಿ ಶ್ವಾಸಕೋಶವನ್ನೇ ಅಮುಕುವುದುಂಟು. ಸಾಮಾನ್ಯವಾಗಿ ಒಂದು ಎಕ್ಸ್-ರೇಯಲ್ಲಿ ತಿಳಿಯುತ್ತದೆ. ಚಳಕು ಹಿಡಿದಿದೆ ಎಂದು ಎಣ್ಣೆ ಹಚ್ಚಿ ತಿಕ್ಕುತ್ತಾ ಕೂತರೆ ಆ ಹೊತ್ತು ಹಾಳು. ಬಾಣಂತಿಯರಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಒಂದೇ ಕಾಲು ಊದಿ ದಮ್ಮು ಬಂದರೆ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು.

ವಾರ, ಹದಿನೈದು ದಿನದ ಹಿಂದೆ ಜ್ವರ, ನೆಗಡಿ, ಭೇದಿ ಆಗಿತ್ತೇ? ವೈರಸ್ ಹೃದಯದ ಸ್ನಾಯುವಿಗೋ ಹೊದಿಕೆಗೋ ಉರಿಯೂತ ತರುತ್ತದೆ. ಹೊದಿಕೆಯದಾದರೆ ಅಂಗಾತ ಮಲಗಿದಾಗ ನೋವು ಹೆಚ್ಚಿ, ಮುಂದೆ ಬಾಗಿ ಕೂತಾಗ ಇಳಿಯುತ್ತದೆ.

ಇವು ಯಾವುವೂ ಅಲ್ಲವೆಂದ ಮೇಲೆ ಬೆರಳಿನ ಪರೀಕ್ಷೆ. ಗಂಟಲ ಕೆಳಗಿನ ಗುಣಿಯಿಂದ ಎದೆಮೂಳೆಯ ಮೇಲೆ ಬೆರಳನ್ನು ಸುಮಾರು 5 ಸೆಂ.ಮೀ. ಇಳಿಸಿದರೆ ಒಂದು ಉಬ್ಬು ಸಿಗುತ್ತದೆ. ಅದರ ಪಕ್ಕದ್ದು ಎರಡನೇ ಪಕ್ಕೆಲುಬು. ಅಲ್ಲಿಂದ ಕೆಳಕ್ಕೆ ಐದನೆಯದರವರೆಗೆ, ಎಲುಬು ಎದೆಮೂಳೆಗೆ ಕೂಡುವ ಜಾಗವನ್ನು ಒಂದೊಂದಾಗಿ ಒತ್ತಿ. ಅದೇ ನೋವು ಅದೇ ಚುಕ್ಕೆಯಲ್ಲಿ ಎದ್ದರೆ ಪಕ್ಕೆಲುಬಿನ ಮೆದುಮೂಳೆಯ ಉರಿಯೂತ ಇರಬಹುದು. ಕಬ್ಬಿನ ಹೊರೆ ಹೊತ್ತವರಲ್ಲಿ, ಹೊಸದಾಗಿ ಜಿಮ್ ಹಿಡಿದವರಲ್ಲಿ ಇದು ಸಾಮಾನ್ಯ. ಆದರೆ ಮೇಲಿನ ಲಕ್ಷಣಗಳಲ್ಲಿ ಒಂದಿದ್ದರೂ ಈ ಒತ್ತುವ ಪರೀಕ್ಷೆಯನ್ನು ನಂಬಬೇಡಿ.

ಮಿರ್ಚಿ ಭಜಿ, ರಂಜಕ ಹಚ್ಚಿದ ರೊಟ್ಟಿ ತಿಂದು ಮಲಗಿದೊಡನೆ ಎದೆ ಉರಿದು ಹುಳಿತೇಗು ಬಂದರೆ ಆಮ್ಲದ್ದು. ಊಟಕ್ಕೂ ಮಲಗುವುದಕ್ಕೂ 3 ತಾಸು ಬಿಡಿ, ತಲೆಕಡೆಯ ಮಂಚದ ಕಾಲನ್ನು 15 ಸೆಂ.ಮೀ. ಎತ್ತರಿಸಿ. ಈನೋದಿಂದ ಹಗುರಾಯಿತು ಎನ್ನುವುದು ಪುರಾವೆಯಲ್ಲ. ಹೃದಯದ ನೋವೂ ಬಂದು ಹೋಗುತ್ತದೆ. ಬೆರಳು, ತುಟಿ ಜುಮ್ಮೆಂದು, ನೋವು ಹತ್ತು ನಿಮಿಷದೊಳಗೆ ಏರಿ ಆಮೇಲೆ ಇಳಿಯುವುದು ಗಾಬರಿಯ ಅಟ್ಯಾಕ್ ಇರಬಹುದು, ಆದರೂ ಮೊದಲ ಸಲವಾದರೆ ಇಸಿಜಿ ಇಲ್ಲದೆ ಆ ಹೆಸರು ಕೊಡಬಾರದು.

ಸಂಶಯ ಬಂದ ಕೂಡಲೇ ಕೂರಿಸಿ, ನಡೆಸಬೇಡಿ, ಬೈಕ್ ಓಡಿಸಲು ಬಿಡಬೇಡಿ, 108ಕ್ಕೆ ಫೋನ್ ಮಾಡಿ. ಹೃದಯಾಘಾತದಂತೆ ಕಂಡರೆ ಆಸ್ಪಿರಿನ್ 300 ಮಿ.ಗ್ರಾಂ. (75ರದ್ದಾದರೆ ನಾಲ್ಕು ಮಾತ್ರೆ) ಅಗಿದು ನುಂಗಲಿ. ಆಸ್ಪಿರಿನ್ ಒಗ್ಗದವರಿಗೆ, ರಕ್ತ ವಾಂತಿಯಾದವರಿಗೆ, ಡೆಂಗಿ ಸಂಶಯವಿದ್ದರೆ, ಎದೆಯಿಂದ ಬೆನ್ನು ಸೀಳಿದಂಥ ನೋವಿದ್ದರೆ ಕೊಡಬೇಡಿ. ಪಕ್ಕದ ಮನೆಯ ಅಜ್ಜನ ಹೃದಯದ ಮಾತ್ರೆ ಸಾರ್ಬಿಟ್ರೇಟ್ ತಂದು ನಾಲಿಗೆ ಕೆಳಗಿಟ್ಟರೆ ಬಿಪಿ ಕುಸಿಯಬಹುದು. ಊರಲ್ಲಿ ನೋವಿನ ಇಂಜೆಕ್ಷನ್ ಹಾಕಿಸಿ ‘ಆರಾಮಾತು’ ಎನ್ನುವುದು ಇನ್ನೂ ಕೆಟ್ಟದ್ದು: ನೋವು ಹೋಗುತ್ತದೆ, ರೋಗ ಅಲ್ಲೇ ಇರುತ್ತದೆ. ಎಚ್ಚರ ತಪ್ಪಿ ಉಸಿರು ನಿಂತರೆ ಎದೆಯ ನಡುವೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100–120 ಸಲ, ನಿಲ್ಲಿಸದೆ ಒತ್ತುತ್ತಿರಿ.

ಎಲ್ಲಿಗೆ ಒಯ್ಯುವುದು? ಇಲ್ಲಿಯೇ ಹೆಚ್ಚು ಎಡವುವುದು. ಅಥಣಿಯಿಂದ ಕಾರು ಮಾಡಿಕೊಂಡು ನೆಟ್ಟಗೆ ಬೆಳಗಾವಿಗೆ ಹೊರಟರೆ ಎರಡು ತಾಸಿನ ಮೇಲೆ ದಾರಿಯಲ್ಲೇ ಹೋಗುತ್ತದೆ. ಇಂಡಿ ಇರಲಿ, ಬಾದಾಮಿ ಇರಲಿ, ಮೊದಲ ಇಸಿಜಿ ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ, ಹೋದ ಹತ್ತು ನಿಮಿಷದೊಳಗೆ ಆಗಲಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ, ಬಾಯಿಬಿಟ್ಟು ಕೇಳಿ. 12 ತಾಸಿನವರೆಗೆ ಕೊಡಬಹುದಾದರೂ ಮೊದಲ ತಾಸಿನ ಬೆಲೆಯೇ ಬೇರೆ. ಅಲ್ಲಿಂದ ಮುಂದೆ ಬೆಳಗಾವಿಯ ಬಿಮ್ಸ್, ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ ಆಸ್ಪತ್ರೆಗಳಲ್ಲಿ ಯಾವುದೆಂದು ವೈದ್ಯರು ಹೇಳಲಿ.

ಮೊದಲ ಇಸಿಜಿ ನಾರ್ಮಲ್ ಬಂತೆಂದು ಎದ್ದು ಬರಬೇಡಿ. ನೋವಿದ್ದರೆ ಮತ್ತೊಂದು ತೆಗೆಸಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದ್ದರೆ ತೋರಿಸುವ ಟ್ರೊಪೊನಿನ್ ರಕ್ತಪರೀಕ್ಷೆಯನ್ನು 3ರಿಂದ 6 ತಾಸು ಬಿಟ್ಟು ಇನ್ನೊಮ್ಮೆ ಮಾಡಿಸಿ. ಇಸಿಜಿ ಕಾಗದದ ಫೋಟೊ ಅಲ್ಲೇ ಹೊಡೆದುಕೊಳ್ಳಿ, ಜೆರಾಕ್ಸ್ ತೆಗೆಸಿಡಿ. ಮುಂದಿನ ವೈದ್ಯರು ಹೋಲಿಸಿ ನೋಡಲು ಅದೇ ಬೇಕು. ಆ ಕಾಗದದ ಅಚ್ಚು ಬಿಸಿಗೆ ಮೂಡುವಂಥದ್ದು, ದಿನ ಕಳೆದಂತೆ ಮಾಸುತ್ತದೆ; ಜೋಪಾನ ಮಾಡಲೆಂದು ಲ್ಯಾಮಿನೇಷನ್‌ಗೆ ಕೊಟ್ಟರೆ ಪೂರ್ತಿ ಕಪ್ಪಾಗುತ್ತದೆ.