ಬಹುಮಾನ ಬಿಟ್ಟು ಬೋರ್ಡ್ ಹಂಚಿದ ಲೆಕ್ಕ

ನಮ್ಮ ಓಪನ್ ಸೋರ್ಸ್ (ಕೋಡ್, ನಕ್ಷೆ ಎಲ್ಲರಿಗೂ ತೆರೆದಿಟ್ಟ) ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಪುಕ್ಕಟೆ ಕೋಡ್ ಬರೆಯೋರು ಯಾರೂ ಸಿಗಲ್ಲ ಅಂದವರೇ ಜಾಸ್ತಿ. ಸಿಕ್ಕರು. ಸಾಮಾನು ದೊಡ್ಡದೇನಲ್ಲ: ರಾಸ್ಪ್‌ಬೆರಿ ಪೈ ಪಿಕೋ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡು, ಅಂಕಿಯನ್ನು ಸದ್ದಿನ ಸಂಕೇತ ಮಾಡುವ ಪಿಸಿಎಂ 5102 ಡ್ಯಾಕ್, ತಿರುಗಿಸುವ ಎನ್‌ಕೋಡರ್, ಪುಟ್ಟ ಓಎಲ್‌ಇಡಿ ಪರದೆ.

ಮೊದಲು ಬಹುಮಾನ ಇಟ್ಟಿದ್ದು ತಪ್ಪು. ಪರದೆಯ ಮೆನುಗೆ ಕೋಡ್ ಬರೆದುಕೊಟ್ಟರೆ 3,000 ರೂಪಾಯಿ ಅಂದಿದ್ದಕ್ಕೆ ಮೂವರು ಅದೇ ಕೆಲಸ ಮಾಡಿ ಕಳಿಸಿದರು. ಒಬ್ಬರಿಗೆ ದುಡ್ಡು, ಇಬ್ಬರಿಗೆ ಮುನಿಸು. ಅದುವರೆಗೆ ಖುಷಿಗೆ ಬಗ್ ತೆಗೆಯುತ್ತಿದ್ದವರೂ ‘ಇದಕ್ಕೆಷ್ಟು ಕೊಡ್ತೀರಿ?’ ಅನ್ನೋಕೆ ಶುರುಮಾಡಿದರು.

ಆಮೇಲೆ ದುಡ್ಡೆಲ್ಲ ಕೋಡ್ ಬರೆಯೋರಿಗೆ ಪುಕ್ಕಟೆ ಹಂಚುವ ಬೋರ್ಡಿಗೇ ಹಾಕಿದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯ ಸಾಮಾನು, ಪಿಸಿಬಿ (ಭಾಗಗಳನ್ನು ಕೂರಿಸುವ ಹಲಗೆ), ಕೊರಿಯರ್ ಸೇರಿ ಒಂದಕ್ಕೆ 1,400ರ ಆಸುಪಾಸು; ಇಪ್ಪತ್ತಕ್ಕೆ ಹತ್ತಿರಹತ್ತಿರ 28 ಸಾವಿರ. ಬೆಸುಗೆ ಹಾಕಿ, ಸದ್ದು ಕೇಳಿ ನೋಡಿಯೇ ಕಳಿಸಬೇಕು. ಅದಕ್ಕೂ ಮುಂಚೆ ಬಿಡಿಭಾಗದ ಕಿಟ್ ಹೋದ ಆರು ಮನೆಗಳಲ್ಲಿ ನಾಲ್ಕರಲ್ಲಿ ಡಬ್ಬ ಇನ್ನೂ ಒಡೆದಿಲ್ಲ. ಇಪ್ಪತ್ತು ಜನರಲ್ಲಿ ಏಳು ಜನ ಕೋಡ್ ಕೊಟ್ಟರು, ಸಣ್ಣ ಫಸಲಲ್ಲ.

ಒಂದು ಪುಶ್ ಬಟನ್ ಮರೆಯಬೇಡಿ. ಪಿಕೋದಲ್ಲಿ ಇರೋದು ಬೂಟ್‌ಸೆಲ್ ಗುಂಡಿಯೊಂದೇ, ರೀಸೆಟ್ ಗುಂಡಿ ಇಲ್ಲ. ಹೊಸ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಕೋಡ್) ಹಾಕೋಕೆ ಅದನ್ನು ಒತ್ತಿಹಿಡಿದು ಪ್ರತಿ ಸಲ ಯುಎಸ್‌ಬಿ ಕಿತ್ತು ಚುಚ್ಚಬೇಕು. ಆಫೀಸು ಮುಗಿಸಿ ರಾತ್ರಿ ಒಂದು ಗಂಟೆ ಕೂರುವವರು ಹತ್ತನೇ ಸಲ ಕೇಬಲ್ ಕೀಳುವಾಗಲೇ ಎದ್ದುಹೋಗೋದು. 30ನೇ ಪಿನ್, ಅಂದರೆ ಚಿಪ್ಪನ್ನು ರೀಸೆಟ್ ಮಾಡುವ ರನ್, ಅದರಿಂದ ಗ್ರೌಂಡಿಗೆ ಐದು ರೂಪಾಯಿಯ ಗುಂಡಿ ಸಾಕು. ಕೈಲಾದರೆ ಡಿಬಗ್ ಪ್ರೋಬ್ (ತಪ್ಪು ಹುಡುಕೋಕೆ ಚಿಪ್ಪಿನೊಳಗೆ ಇಣುಕುವ ಸಾಧನ) ಮಾಡಿದ ಇನ್ನೊಂದು ಪಿಕೋ ಕೂಡ ಇಡಿ.

ಬೋರ್ಡ್ ಕೈಯಲ್ಲಿದ್ದರೆ ಏನಾಗುತ್ತೆ ಅನ್ನೋಕೆ ಒಂದೇ ಉದಾಹರಣೆ. ಹೆಡ್‌ಫೋನಿನಲ್ಲಿ ಸಣ್ಣಗೆ ಚಿರ್ರ್ ಅನ್ನುತ್ತಿತ್ತು. ಗ್ರೌಂಡು, ಕೆಪಾಸಿಟರು ಅಂತ ಎರಡು ಸಲ ಪಿಸಿಬಿ ತಿದ್ದಿ ಏಳೆಂಟು ಸಾವಿರ ನೀರುಪಾಲು. ಬೋರ್ಡ್ ಪಡೆದ ಒಬ್ಬ ಹುಡುಗ ಕೊಟ್ಟಿದ್ದು ಒಂದು ಸಾಲು: ಜಿಪಿಐಓ 23 ಹೈ (ಆ ಹೆಸರಿನ ಪಿನ್ ಆನ್ ಮಾಡು). ಕರೆಂಟ್ ಕಮ್ಮಿ ಎಳೆಯುವಾಗ ಪಿಕೋದ ರೆಗ್ಯುಲೇಟರ್ (ವೋಲ್ಟೇಜ್ ಹದ ಮಾಡುವ ಭಾಗ) ಉಳಿತಾಯದ ಮೋಡ್‌ಗೆ ಜಾರಿ ರಿಪಲ್, ಅಂದರೆ ವೋಲ್ಟೇಜಿನ ಅಲುಗಾಟ, ಜಾಸ್ತಿ ಮಾಡುತ್ತೆ. ಆ ಪಿನ್ ಏರಿಸಿದರೆ ರಿಪಲ್ ಕಮ್ಮಿ ಇರುವ ಪಿಡಬ್ಲ್ಯೂಎಂ ಮೋಡ್‌ನಲ್ಲೇ ನಿಲ್ಲುತ್ತೆ. ಬರೀ ಕೋಡ್ ಓದಿದವರಿಗೆ ಆ ಚಿರ್ರ್ ಕೇಳಿಸೋದಾದರೂ ಹೇಗೆ?

ಇನ್ನೊಬ್ಬರು ತಂಬೂರಿಯ ಜೀವಾಳದ (ತಂತಿಯಡಿಯ ದಾರದಿಂದ ಹುಟ್ಟುವ ಝೇಂಕಾರದ) ಹಿಂದೆ ಬಿದ್ದರು. ನಾಲ್ಕು ತಂತಿಗೆ ಕಾರ್ಪ್ಲಸ್-ಸ್ಟ್ರಾಂಗ್ (ಮೀಟಿದ ತಂತಿಯ ಸದ್ದನ್ನು ಲೆಕ್ಕದಿಂದ ಹುಟ್ಟಿಸುವ ವಿಧಾನ) ಬರೆದರೆ ಸದ್ದು ತುಂಡುತುಂಡು, ಯಾಕಂದರೆ ಪಿಕೋದ ಚಿಪ್ಪಿನಲ್ಲಿ ದಶಮಾಂಶದ ಲೆಕ್ಕ ಬೇಗ ಮಾಡುವ ಎಫ್‌ಪಿಯು ಇಲ್ಲ, ಲೆಕ್ಕವೆಲ್ಲ ಫ್ಲೋಟಿನಲ್ಲಿ, ಅಂದರೆ ದಶಮಾಂಶದಲ್ಲಿತ್ತು. ಪೂರ್ಣಾಂಕಕ್ಕೆ ಬದಲಿಸಿದ ಮೇಲೆ ಓಡಿತು. ಜೀವಾಳ ಇನ್ನೂ ಸ್ವಲ್ಪ ಪ್ಲಾಸ್ಟಿಕ್ಕೇ.

ಈಗ ಕಿಟ್ 2,200ಕ್ಕೆ ಹೋಗುತ್ತೆ, ಒಂದೊಂದರಿಂದ 100 ರೂಪಾಯಿ ಯೋಜನೆಯ ಹುಂಡಿಗೆ. 130 ಚಿಲ್ಲರೆ ಕಿಟ್ ಹೋಗಿರಬೇಕು. ಹುಂಡಿಯಿಂದ ನಗದು ಕೊಡೋದು ಯಾರಿಗೂ ಬೇಡದ ಕೆಲಸಕ್ಕೆ ಮಾತ್ರ: ಕೈಪಿಡಿ, ಬಿಡುಗಡೆಗೆ ಮುಂಚಿನ ಪರೀಕ್ಷೆ. ಕೋಡಿಗೆ ಕೊಡೋದು ಪಿನ್ನುಗಳ ಸಂಕೇತ ತೋರಿಸುವ ಲಾಜಿಕ್ ಅನಲೈಸರ್‌ನಂಥ ಸಲಕರಣೆ. ಫರ್ಮ್‌ವೇರಿಗೆ ಜಿಪಿಎಲ್ ಲೈಸೆನ್ಸ್, ಬೋರ್ಡಿಗೆ ಸರ್ನ್ ಓಎಚ್‌ಎಲ್ ಅನ್ನೋ ಹಾರ್ಡ್‌ವೇರ್ ಲೈಸೆನ್ಸಿನ ಎಸ್ ಬಗೆ. ನಕಲು ಮಾಡಿ ಹಂಚಿದವರೂ ತಿದ್ದುಪಡಿ ಬಿಚ್ಚಿಡಬೇಕು.

ಬೋರ್ಡಿನ ಹೊಸ ರಿವಿಜನ್ (ತಿದ್ದಿದ ಆವೃತ್ತಿ) ಬಂದರೆ ಮಾರಾಟಕ್ಕೆ ಎರಡು ವಾರ ಮುಂಚೆ ಕೋಡ್ ಕೊಟ್ಟ ಆ ಏಳೂ ಜನರಿಗೆ ಹೋಗಬೇಕು. ಒಮ್ಮೆ ತಡವಾಗಿ, ಎನ್‌ಕೋಡರ್ ಪಿನ್ ಅದಲುಬದಲಾಗಿದ್ದನ್ನು ಕೊಂಡವರು ಹೇಳಬೇಕಾಯಿತು.