ಭಯ ಯಾವುದು, ಆಸೆ ಯಾವುದು: ಪ್ರೆಪ್ ಶುರು ಮಾಡಿದ ಮೇಲೆ ನನ್ನ ಅನುಭವ

ಪ್ರೆಪ್ ಅಂದರೆ ಎಚ್‌ಐವಿ ತಗಲದಂತೆ ಮೊದಲೇ ತೆಗೆದುಕೊಳ್ಳುವ ಮಾತ್ರೆ. ಟೆನೊಫೊವಿರ್ 300 ಮಿಲಿಗ್ರಾಂ, ಎಮ್‌ಟ್ರಿಸಿಟಬಿನ್ 200 ಮಿಲಿಗ್ರಾಂ, ಎರಡೂ ಒಂದೇ ಗುಳಿಗೆಯಲ್ಲಿ. ಅಮೆರಿಕದಲ್ಲಿ 2012ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಏಡ್ಸ್ ನಿಯಂತ್ರಣದ ಸರ್ಕಾರಿ ಸಂಸ್ಥೆ ನ್ಯಾಕೋದ ಮಾರ್ಗಸೂಚಿ ಬಂದಿದ್ದು 2022ರಲ್ಲಿ. ಇಷ್ಟನ್ನು ಯಾವ ಡಾಕ್ಟರಾದರೂ ಹೇಳುತ್ತಾರೆ. ಅದು ನನ್ನ ತಲೆಯೊಳಗೆ ಏನು ಮಾಡಿತು ಅನ್ನೋದನ್ನು ನಾನೇ ಹೇಳಬೇಕು, ಅಲ್ವಾ?

ನಾನು ಹಾಸನದಲ್ಲಿ ಬೆಳೆದವನು, ಈಗ ಬೆಂಗಳೂರಲ್ಲಿದ್ದೇನೆ, ಗೇ. ನನಗೆ ಗಂಡಸರ ಮೇಲೆ ಮನಸ್ಸಾಗುತ್ತೆ ಅಂತ ಗೊತ್ತಾಗುವ ಹೊತ್ತಿಗೇ ಏಡ್ಸ್ ಬಗ್ಗೆಯೂ ಗೊತ್ತಾಗಿತ್ತು. ಬಸ್ ಸ್ಟ್ಯಾಂಡಿನ ಗೋಡೆ ಬರಹ, ಶಾಲೆಗೆ ಬಂದು ಭಾಷಣ ಮಾಡಿ ಹೋದವರು, ಎಲ್ಲರೂ ಹೇಳಿದ್ದು ಸಾವಿನ ಮಾತೇ. ಹಾಗಾಗಿ ದೊಡ್ಡವನಾದ ಮೇಲೂ ಯಾರ ಜೊತೆಗಾದರೂ ಮಲಗಿ ಬಂದರೆ, ಕಾಂಡೋಮ್ ಹಾಕಿದ್ದರೂ, ವಾರಗಟ್ಟಲೆ ನೆಮ್ಮದಿ ಇರುತ್ತಿರಲಿಲ್ಲ. ಗಂಟಲು ಕೆರೆದರೂ ಅದೇ ಯೋಚನೆ. ಜ್ವರ ಬಂದರಂತೂ ಕೇಳಲೇಬೇಡಿ.

ಪ್ರೆಪ್ ಬೇಕು ಅಂತ ಮೊದಲು ನೋಡಿದ ಡಾಕ್ಟರ್ "ಇದೆಲ್ಲ ಯಾಕೆ ನಿಮಗೆ? ಮದುವೆ ಆಗಿ, ಎಲ್ಲ ಸರಿ ಹೋಗುತ್ತೆ" ಅಂದರು. ನಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ಹಲ್ಲನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಕಿತ್ತಿದ್ದು ಆ ಕೋಣೆಯವರೆಗೆ ಬಂದಿರಲಿಲ್ಲ. ಗೆಳೆಯನೊಬ್ಬ ಬೇರೆ ಡಾಕ್ಟರ ಹತ್ತಿರ ಕಳಿಸಿದ. ಅವರು ಮುಖ ಸಿಂಡರಿಸದೆ ಟೆಸ್ಟ್ ಬರೆದುಕೊಟ್ಟರು: ಎಚ್‌ಐವಿ, ಹೆಪಟೈಟಿಸ್ ಬಿ, ಕಿಡ್ನಿಗೆ ಕ್ರಿಯಾಟಿನಿನ್, ಸೆಕ್ಸ್‌ನಿಂದ ಹರಡುವ ಸಿಫಿಲಿಸ್‌ಗೆ ವಿಡಿಆರ್‌ಎಲ್. ಹೆಪಟೈಟಿಸ್ ಬಿ ಟೆಸ್ಟ್ ಬಿಡಬೇಡಿ. ಇದೇ ಟೆನೊಫೊವಿರ್ ಆ ಕಾಯಿಲೆಗೂ ಔಷಧಿ. ಅದು ಇದ್ದು, ಗೊತ್ತಿಲ್ಲದೆ ಮಾತ್ರೆ ಶುರು ಮಾಡಿ ಮಧ್ಯೆ ನಿಲ್ಲಿಸಿದರೆ ಲಿವರ್‌ಗೆ ಪೆಟ್ಟು ಬೀಳಬಹುದು. ಈಗಾಗಲೇ ಎಚ್‌ಐವಿ ಇದ್ದರೆ ಪ್ರೆಪ್ ಸಾಲದು, ಪೂರ್ತಿ ಚಿಕಿತ್ಸೆಯೇ ಬೇಕು.

ನಾನು ದಿನಾ ರಾತ್ರಿ ಊಟ ಆದ ಮೇಲೆ ತೆಗೆದುಕೊಳ್ಳುತ್ತೇನೆ. ಶುರುವಿನಲ್ಲಿ ಸ್ವಲ್ಪ ವಾಕರಿಕೆ ಇತ್ತು, ಆಮೇಲೆ ಹೋಯಿತು. ಊರಿಂದ ಬಂದ ಅಮ್ಮ ಡಬ್ಬಿ ನೋಡಿ, "ಏನೋ ಇದು, ಹುಷಾರಿಲ್ವಾ?" ಅಂದರು. "ಕಾಯಿಲೆ ಬರದೆ ಇರ್ಲಿ ಅಂತ ಅಮ್ಮ" ಅಂದೆ. ಸುಳ್ಳೇನಲ್ಲ.

ಮನಸ್ಸು ಬದಲಾಗಿದ್ದು ನಿಧಾನಕ್ಕೆ. ನಾನು ಯಾವಾಗಲೂ ಟಾಪ್, ಅಂದರೆ ಸೆಕ್ಸ್‌ನಲ್ಲಿ ಒಳಗೆ ಹಾಕುವವನು, ಅಂತಲೇ ಹೇಳಿಕೊಳ್ಳುತ್ತಿದ್ದೆ. ಗೇ ಡೇಟಿಂಗ್ ಆ್ಯಪ್ ಗ್ರೈಂಡರ್‌ನಲ್ಲೂ ಹಾಗೇ ಹಾಕಿದ್ದೆ, ಗೆಳೆಯರ ಹತ್ತಿರವೂ ಅದೇ ಗತ್ತು. ಬಾಟಮ್, ಅಂದರೆ ಒಳಗೆ ತೆಗೆದುಕೊಳ್ಳುವವರು, ಆದವರಿಗೆ ಎಚ್‌ಐವಿ ತಗಲುವ ಸಾಧ್ಯತೆ ಜಾಸ್ತಿ ಅನ್ನೋದು ವೈದ್ಯರು ಒಪ್ಪುವ ಮಾತು. ಮಾತ್ರೆ ತೆಗೆದುಕೊಂಡು ಕೆಲವು ತಿಂಗಳಾದ ಮೇಲೆ ಗೊತ್ತಾಯಿತು, ನಾನು ಇಷ್ಟ ಅಂದುಕೊಂಡಿದ್ದರಲ್ಲಿ ಅರ್ಧ ಭಯ. ಆ ಭಯ ಇಳಿದಾಗ ಆಸೆ ಬೇರೆ ಕಡೆಯೂ ತಿರುಗಿತು. ಇನ್ನರ್ಧ? ಅದು ಕೋತಿಗಳನ್ನು, ಅಂದರೆ ಹೆಣ್ಣಿನ ಹಾವಭಾವ ಇರುವ, ಬಾಟಮ್ ಆಗುವ ಗಂಡಸರನ್ನು, ಕಂಡರೆ ನಮ್ಮಲ್ಲೇ ಇರುವ ತಾತ್ಸಾರ. ಅದಕ್ಕೆ ಮಾತ್ರೆ ಇಲ್ಲ. ಇದನ್ನು ಒಪ್ಪಿಕೊಳ್ಳೋಕೆ ನನಗೆ ಮಾತ್ರೆ ನುಂಗಿದ್ದಕ್ಕಿಂತ ಕಷ್ಟವಾಯಿತು.

ಇನ್ನೊಂದು ಬದಲಾವಣೆ ಮೂರು ತಿಂಗಳಿಗೊಮ್ಮೆ ಮಾಡಿಸುವ ಟೆಸ್ಟಿನದು. ಈಗ ಅದು ಗಾಡಿ ಸರ್ವೀಸಿಗೆ ಬಿಟ್ಟಂತೆ. ಪ್ರೆಪ್ ತಡೆಯೋದು ಎಚ್‌ಐವಿಯನ್ನು ಮಾತ್ರ. ಒಂದು ಸಲ ವಿಡಿಆರ್‌ಎಲ್ ಪಾಸಿಟಿವ್ ಬಂತು, ಸಿಫಿಲಿಸ್ ಇರೋದು ಖಚಿತವಾಯಿತು. ಪೆನಿಸಿಲಿನ್ ಇಂಜೆಕ್ಷನ್, ಒಟ್ಟು 24 ಲಕ್ಷ ಯೂನಿಟ್. ಚುಚ್ಚುವ ಮೊದಲು ಅಲರ್ಜಿ ಇದೆಯಾ ಅಂತ ನೋಡಿದರು. ಆಮೇಲೆ ಕುಂಡಿ ಹಿಡಿದುಕೊಂಡು ಕುಂಟುತ್ತಾ ಮನೆಗೆ ಬಂದೆ. ಹಿಂದಿನ ನಾನಾಗಿದ್ದರೆ ಇದು ದೇವರು ಕೊಟ್ಟ ಶಿಕ್ಷೆ ಅಂತ ಕೂತಿರುತ್ತಿದ್ದೆ. ಈ ಸಲ ಜೊತೆಗಿದ್ದವರಿಗೆ "ನಂಗೆ ಬಂದಿದೆ ಕಣೋ, ನೀನೂ ಚೆಕ್ ಮಾಡಿಸ್ಕೋ" ಅಂತ ಮೆಸೇಜ್ ಹಾಕಿದೆ. ಒಬ್ಬ ಬ್ಲಾಕ್ ಮಾಡಿದ. ಮಿಕ್ಕವರು ಥ್ಯಾಂಕ್ಸ್ ಅಂದರು. ಕಾಂಡೋಮನ್ನು ನಾನು ಪೂರ್ತಿ ಬಿಟ್ಟಿಲ್ಲ. ಹೊಸಬರ ಜೊತೆ ಬಳಸುತ್ತೇನೆ, ನಂಬಿಕೆ ಇರುವಲ್ಲಿ ಮಾತಾಡಿಕೊಂಡು ನಿರ್ಧರಿಸುತ್ತೇವೆ. ಆ ಮಾತು ಮೊದಲು ನನ್ನ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ಎಚ್‌ಐವಿ ಇರುವವರ ಬಗ್ಗೆಯೂ ಹಾಗೇ. ಚಿಕಿತ್ಸೆಯಿಂದ ವೈರಸ್ ಟೆಸ್ಟಿನಲ್ಲಿ ಕಾಣದಷ್ಟು ಇಳಿದಿದ್ದರೆ ಸೆಕ್ಸ್ ಮೂಲಕ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. 2019ರಲ್ಲಿ ಬಂದ ಪಾರ್ಟ್‌ನರ್ 2 ಅಧ್ಯಯನದಲ್ಲಿ ಇಂಥ ಗಂಡು ಜೋಡಿಗಳು ಕಾಂಡೋಮ್ ಇಲ್ಲದೆ 76,000ಕ್ಕೂ ಹೆಚ್ಚು ಸಲ ಕೂಡಿದ್ದರು, ಸಂಗಾತಿಯಿಂದ ಒಬ್ಬರಿಗೂ ತಗಲಲಿಲ್ಲ. ನಾನು ಇದನ್ನು ಓದಿದ್ದೆ, ನಂಬಿರಲಿಲ್ಲ. ಪ್ರೆಪ್ ಮೇಲಿದ್ದಾಗ ಅಂಥ ಒಬ್ಬರ ಪರಿಚಯವಾಯಿತು. ಹೆದರದೆ ಅವರ ಮಾತು ಕೇಳಿಸಿಕೊಂಡೆ. ಒಳ್ಳೆ ಗೆಳೆತನವಾಯಿತು. ನನ್ನ ಮಾತ್ರೆ ಇರದಿದ್ದರೂ ಅವರಿಂದ ನನಗೇನೂ ಆಗುತ್ತಿರಲಿಲ್ಲ ಅನ್ನೋದು ಆಮೇಲೆ ಹೊಳೆಯಿತು.

ನಮ್ಮ ಗುಂಪಿನ ಹಿರಿಯರೊಬ್ಬರಿಗೆ ಇದೆಲ್ಲ ಹಿಡಿಸೋದಿಲ್ಲ. "ನಿಮಗೆಲ್ಲ ಭಯವೇ ಹೋಗಿದೆ ಕಣ್ರೋ" ಅಂತಾರೆ. ಸರ್ಕಾರ ಎಚ್‌ಐವಿ ಇರುವವರಿಗೆ ಉಚಿತ ಚಿಕಿತ್ಸೆ (ಎಆರ್‌ಟಿ) ಶುರು ಮಾಡಿದ್ದು 2004ರಲ್ಲಿ. ಅದಕ್ಕೆ ಮುಂಚೆ ಅವರು ಗೆಳೆಯರನ್ನು ಹೂತು ಬಂದಿದ್ದಾರೆ. ನಾನು ವಾದ ಮಾಡೋದಿಲ್ಲ. ಆದರೆ ಭಯ ಇದ್ದಾಗ ನಾನು ಟೆಸ್ಟಿಗೇ ಹೋಗುತ್ತಿರಲಿಲ್ಲ ಅನ್ನೋದೂ ನಿಜ.

ಮಾತ್ರೆ ಎಲ್ಲರಿಗೂ ನನ್ನಷ್ಟು ಸುಲಭ ಅಲ್ಲ. ನನಗೆ ಸಂಬಳ ಇದೆ, ಒಂಟಿ ಮನೆ ಇದೆ. ಊರಿನ ಗೆಳೆಯನೊಬ್ಬನಿಗೆ ಮದುವೆಯಾಗಿದೆ, ಡಬ್ಬಿ ಇಡೋಕೇ ಜಾಗ ಇಲ್ಲ. ಅವನಿಗೆ ಡಾಕ್ಟರ್ 2-1-1 ಕ್ರಮ ಹೇಳಿಕೊಟ್ಟರು. ಸೆಕ್ಸ್‌ಗೆ 2ರಿಂದ 24 ಗಂಟೆ ಮುಂಚೆ ಎರಡು ಮಾತ್ರೆ, ಆ ಎರಡು ಮಾತ್ರೆ ನುಂಗಿದ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗಂಡಸರ ಜೊತೆ ಮಲಗುವ ಗಂಡಸರಿಗೆ ಇದೂ ಆಗುತ್ತೆ ಅಂದಿದೆ, ಹೆಪಟೈಟಿಸ್ ಬಿ ಇರಬಾರದು ಅಷ್ಟೆ. ಹೆಂಡತಿಗೆ ಏನೂ ಗೊತ್ತಿಲ್ಲ. ಆ ಮಾತು ಎತ್ತಿದರೆ ಅವನು ಸುಮ್ನೆ ಆಗಿಬಿಡುತ್ತಾನೆ. ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕ ಲೆನಾಕಾಪವಿರ್ ಇಂಜೆಕ್ಷನ್ ಬಗ್ಗೆ ಹೇಳಿದೆ, ಆರು ತಿಂಗಳಿಗೊಮ್ಮೆ ತಗೊಂಡರೆ ಸಾಕು ಅಂತ. "ನಮ್ಮೂರಿಗೆ ಯಾವಾಗ ಬರುತ್ತೆ ಮಗಾ?" ಅಂತ ಈಗ ಪ್ರತಿ ಸಲ ಫೋನ್ ಮಾಡಿದಾಗಲೂ ಕೇಳುತ್ತಾನೆ.